ಅಜ್ಜಿಯ ಕಾಸಿನ ಸರದಲ್ಲಿ ರೋಮಿನ ದೊರೆ

ಕಳೆದ ಸಂಚಿಕೆಯಲ್ಲಿ ರೋಮ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಹೊಸ ಓದುಗರಿಗೆ ನನ್ನ ಪರಿಚಯ: ದಾವಣಗೆರೆಯಲ್ಲಿ 31 ವರ್ಷ ಬ್ಯಾಂಕುಗಳಿಗೆ ಒಡವೆ ಪರೀಕ್ಷೆ ಮಾಡಿಕೊಟ್ಟವನು ನಾನು. ಅಪ್ಪ ಅಕ್ಕಸಾಲಿ. ನನ್ನ ಹತ್ತಿರ ರೋಮಿನ ಚಿನ್ನದ ನಾಣ್ಯ ಇರುವುದು ಎರಡೇ. ಒಂದು ನೀರೋ ಕಾಲದ ಆರಿಯಸ್, ಇನ್ನೊಂದು ಎರಡನೇ ಥಿಯೋಡೋಸಿಯಸ್‌ನ ಸಾಲಿಡಸ್. ಎರಡೂ ಮ್ಯೂನಿಕ್‌ನಲ್ಲಿ ಮಗಳ ಲಾಕರಿನಲ್ಲಿವೆ. ವರ್ಷಕ್ಕೊಮ್ಮೆ ಹೋದಾಗ ತೆಗೆದು ನೋಡುತ್ತೇನೆ.

ನಮ್ಮ ಅಜ್ಜಿಯ ಕಾಸಿನ ಸರದಲ್ಲಿ 21 ಕಾಸು. 20ರಲ್ಲಿ ಲಕ್ಷ್ಮಿ ಇದ್ದಾಳೆ. ನಡುವಿನ ದೊಡ್ಡ ಕಾಸಿನಲ್ಲಿ ಮಾತ್ರ ಶಿರಸ್ತ್ರಾಣ ಹಾಕಿದ ಗಂಡಸಿನ ಮುಖ, ಭುಜದ ಮೇಲೆ ಒಂದು ಕೋಲು. ತಲೆಯ ಮೇಲೆ ಪಕ್ಕಪಕ್ಕದಲ್ಲಿ ಎರಡು ತೂತು. "ಇದನ್ನು ಕರಗಿಸಿ ಲಕ್ಷ್ಮಿ ಕಾಸು ಮಾಡಿಕೊಡುತ್ತೇನೆ" ಅಂತಾರೆ ಅಕ್ಕಸಾಲಿ. ಫೋಟೋ ಕಳಿಸಿದ್ದೇನೆ. ಕರಗಿಸಲಾ? — ಗೃಹಿಣಿ, ಹಾನಗಲ್ ತಾಲ್ಲೂಕು

ಬೇಡಮ್ಮಾ, ದಯವಿಟ್ಟು ಬೇಡ. ಪತ್ರ ಓದಿ ಮುಗಿಸುವ ಮೊದಲೇ ನಿಮಗೆ ಫೋನ್ ಮಾಡೋಣ ಅನ್ನಿಸಿತು, ಆದರೆ ನೀವು ನಂಬರ್ ಬರೆದಿರಲಿಲ್ಲ. ಈ ಸಂಚಿಕೆ ಕೈಗೆ ಬರುವವರೆಗೆ ಆ ಕಾಸು ಸರದಲ್ಲೇ ಇರಲಿ ಅಂತ ಹಾರೈಸುತ್ತಾ ಬರೆಯುತ್ತಿದ್ದೇನೆ.

ನಿಮ್ಮ ಫೋಟೋದಲ್ಲಿ ಇರುವುದು ಸಾಲಿಡಸ್ ಮಾದರಿಯ ನಾಣ್ಯ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ 4ನೇ ಶತಮಾನದ ಮೊದಲಲ್ಲಿ ಇದನ್ನು ಶುರು ಮಾಡಿದ. ಒಂದು ರೋಮನ್ ಪೌಂಡ್ ಚಿನ್ನಕ್ಕೆ 72 ನಾಣ್ಯ, ಅಂದರೆ ಒಂದೊಂದೂ ನಾಲ್ಕೂವರೆ ಗ್ರಾಂ. ನಿಮ್ಮ ಕಾಸಿನಲ್ಲಿ ಮುಖ ಸ್ವಲ್ಪ ಓರೆಯಾಗಿ ನಮ್ಮ ಕಡೆಗೇ ತಿರುಗಿದೆ. ಭುಜದ ಮೇಲಿರುವುದು ಕೋಲಲ್ಲ, ಈಟಿ. ಹೀಗೆ ಮುಖ ತೋರಿಸುವುದು 5 ಮತ್ತು 6ನೇ ಶತಮಾನದ ಸಾಲಿಡಸ್‌ಗಳ ಗುರುತು. ಆಗ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್, ಈಗಿನ ಇಸ್ತಾಂಬುಲ್. ಕಾಸನ್ನು ತಿರುಗಿಸಿ ನೋಡಿ. ರೆಕ್ಕೆ ಇರುವ ಹೆಣ್ಣು ಉದ್ದನೆಯ ಶಿಲುಬೆ ಹಿಡಿದು ನಿಂತಿದ್ದಾಳಾ? ಅವಳ ಕಾಲ ಕೆಳಗೆ ಐದು ರೋಮನ್ ಅಕ್ಷರ ಇವೆಯಾ? ಸಾಮಾನ್ಯವಾಗಿ ಅಲ್ಲಿ 'ಕೊನೊಬ್' ಅಂತ ಇರುತ್ತದೆ. 'ಕೊನ್' ಅಂದರೆ ಕಾನ್‌ಸ್ಟಾಂಟಿನೋಪಲ್, 'ಒಬ್' ಅಂದರೆ ಪುಟಕ್ಕಿಟ್ಟ ಶುದ್ಧ ಚಿನ್ನ. ನಮ್ಮ ಒಡವೆಗೆ ಈಗ ಹಾಲ್‌ಮಾರ್ಕ್ ಹಾಕುತ್ತಾರಲ್ಲ, ಆ ಥರದ ಮಾತು ಅದು.

ಇನ್ನು ಆ ಎರಡು ತೂತು. ನಾನು ಎದ್ದು ಕೂತದ್ದು ಅದನ್ನು ನೋಡಿ. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ನಾಣ್ಯಗಳಲ್ಲಿ ದೊರೆಯ ತಲೆಯ ಮೇಲೆ ಹೀಗೆ ಜೋಡಿ ತೂತು ಮತ್ತೆ ಮತ್ತೆ ಕಾಣುತ್ತದೆ. ಒಂದೇ ತೂತಾದರೆ ನಾಣ್ಯ ಸರದಲ್ಲಿ ತಿರುಗುತ್ತದೆ. ಎರಡಾದರೆ ಮುಖ ಮುಂದಕ್ಕೇ ನಿಲ್ಲುತ್ತದೆ. ಅಂದರೆ ಇಲ್ಲಿನವರು ಅದನ್ನು ದುಡ್ಡು ಅಂತ ಎಣಿಸಲಿಲ್ಲ, ಒಡವೆ ಅಂತ ಎದೆಯ ಮೇಲೆ ಹಾಕಿಕೊಂಡರು. ನಿಮ್ಮ ತಾಲ್ಲೂಕಿನಲ್ಲೇ ಇರುವ ಅಕ್ಕಿಆಲೂರಿನ ಹೆಸರು ಪ್ರಪಂಚದ ನಾಣ್ಯಶಾಸ್ತ್ರಜ್ಞರಿಗೆಲ್ಲ ಗೊತ್ತು, ಅದು ಗೊತ್ತಾ ನಿಮಗೆ? ಅಲ್ಲಿ ಸಿಕ್ಕ ರೋಮಿನ ಕೊನೆಗಾಲದ ಚಿನ್ನದ ನಾಣ್ಯಗಳನ್ನು ಕುರಿತು ವಿದ್ವಾಂಸರು ಇವತ್ತಿಗೂ ಬರೆಯುತ್ತಿದ್ದಾರೆ.

ಅಸಲಾ, ನಕಲಾ? ನಕಲಾಗಿದ್ದರೂ ಬೇಸರ ಪಡಬೇಡಿ. ಆ ಕಾಲದಲ್ಲೇ ನಮ್ಮ ಕಡೆಯ ಕುಶಲಕರ್ಮಿಗಳು ರೋಮಿನ ನಾಣ್ಯ ನೋಡಿ ಅದೇ ಥರ ಮಾಡಿದ್ದಾರೆ. ಅವರಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಅಕ್ಷರವನ್ನು ಚಿತ್ರ ಅಂತ ನೋಡಿ ಕೆತ್ತಿದರು. ಹಾಗಾಗಿ ಸುತ್ತಲಿನ ಬರಹ ಬರೀ ಗೀಟು, ಸೊನ್ನೆ ಆಗಿರುತ್ತದೆ. ಅಕ್ಕಸಾಲಿ ಮಗನಾಗಿ ಹೇಳುತ್ತೇನೆ, ಅಂಥ ನಾಣ್ಯ ಕಂಡರೆ ನನಗೆ ಅಸಲಿಗಿಂತ ಜಾಸ್ತಿ ಪ್ರೀತಿ. ಸಾವಿರದ ಐನೂರು ವರ್ಷದ ಹಿಂದೆ ನಮ್ಮವನೇ ಒಬ್ಬ ದೀಪದ ಮುಂದೆ ಕೂತು, ಕಂಡರಿಯದ ದೊರೆಯ ಮೂಗು ಕೆತ್ತಿದ್ದಾನೆ ಅಲ್ವಾ!

ಒಂದೇ ಕೋರಿಕೆ. ಒರೆಗಲ್ಲಿಗೆ ಉಜ್ಜಲು ಯಾರಿಗೂ ಕೊಡಬೇಡಿ. ಸರದಿಂದ ಬಿಚ್ಚದೆ ಎರಡೂ ಕಡೆ ಫೋಟೋ ತೆಗೆದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ರಾಜ್ಯ ಪುರಾತತ್ವ ಇಲಾಖೆಗೋ ತೋರಿಸಿ. ಮನೆಯಲ್ಲಿ ತಲೆತಲಾಂತರದಿಂದ ಬಂದ ನಾಣ್ಯ ಇಟ್ಟುಕೊಳ್ಳುವುದು ಅಪರಾಧವಲ್ಲ. ನೂರು ವರ್ಷ ದಾಟಿದ ನಾಣ್ಯವನ್ನು ದೇಶದಿಂದ ಹೊರಗೆ ಕಳಿಸುವುದು ಮಾತ್ರ 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಅಪರಾಧ. ಅಂಥವುಗಳ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. ಇನ್ನೊಂದು ಮಾತು, ಅಜ್ಜಿ ಇದ್ದರೆ ಆ ಸರ ಅವರಿಗೆ ಯಾರಿಂದ ಬಂತು, ಯಾವ ಊರಿನಿಂದ ಬಂತು ಅಂತ ಇವತ್ತೇ ಕೇಳಿ ಬರೆದಿಡಿ. ತಾರೀಕು ಹಾಕಿ. ಆ ಹಾಳೆ ಕಾಸಿನಷ್ಟೇ ಬೆಲೆಯದ್ದು.

ಐದು ಲಕ್ಷ ಇದೆ. ರೋಮನ್ ಚಿನ್ನದ ನಾಣ್ಯದಲ್ಲಿ ಹೂಡಿದರೆ ಲಾಭವೇ? — ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಲಾಭಕ್ಕಾದರೆ ಬೇಡ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಕಮಿಷನ್ ಅಂತ ಐದನೇ ಒಂದು ಭಾಗದಷ್ಟು ಜಾಸ್ತಿ ಕೊಡಬೇಕಾಗುತ್ತದೆ. ಮಾರುವಾಗ ಮತ್ತೆ ಕಮಿಷನ್ ಕಳೆಯುತ್ತದೆ. ಚಿನ್ನದ ಬೆಲೆಯ ಮೇಲೆ ಕಣ್ಣಿದ್ದರೆ ಚಿನ್ನವನ್ನೇ ಕೊಳ್ಳಿ. ದಿನಾ ಒಮ್ಮೆ ತೆಗೆದು ನೋಡಬೇಕು ಅನ್ನುವ ಆಸೆ ಇದ್ದರೆ ಮುಂದಿನ ಪತ್ರಗಳ ಉತ್ತರ ಓದಿ.

ರೋಮಿನ ಚಿನ್ನ ನಮ್ಮ ದೇಶಕ್ಕೆ ಅಷ್ಟೊಂದು ಯಾಕೆ ಬಂತು? ತಮಿಳುನಾಡಿನಲ್ಲಿ ಸಿಕ್ಕ ನಾಣ್ಯಗಳಲ್ಲಿ ದೊರೆಯ ಮುಖಕ್ಕೆ ಉಳಿಯಿಂದ ಹೊಡೆದಿದ್ದಾರೆ ಅಂತ ಓದಿದೆ. ಮಕ್ಕಳಿಗೆ ಹೇಗೆ ವಿವರಿಸಲಿ? — ಪ್ರೌಢಶಾಲೆ ಶಿಕ್ಷಕರು, ಚಿತ್ರದುರ್ಗ

ಮೇಷ್ಟ್ರೇ, ಒಂದು ಕಾಳು ಮೆಣಸು ತೆಗೆದುಕೊಂಡು ತರಗತಿಗೆ ಹೋಗಿ. ಪಾಠ ಅಲ್ಲಿಂದಲೇ ಶುರು ಮಾಡಬಹುದು.

ಮಳೆಗಾಲದ ಗಾಳಿ ಹಿಡಿದು ಕೆಂಪು ಸಮುದ್ರದಿಂದ ಹಡಗುಗಳು ಮಲಬಾರಿನ ಮುಜಿರಿಸ್ ಬಂದರಿಗೆ ಬರುತ್ತಿದ್ದವು. ಮೆಣಸು, ಮುತ್ತು, ಹತ್ತಿ ಬಟ್ಟೆ, ರತ್ನ ತುಂಬಿಕೊಂಡು ಹೋಗುತ್ತಿದ್ದವು. ಅವರ ಸರಕಿನಲ್ಲಿ ನಮಗೆ ಬೇಕಾದ್ದು ಅಷ್ಟೇನೂ ಇರಲಿಲ್ಲ. ಹಾಗಾಗಿ ಚಿನ್ನ, ಬೆಳ್ಳಿ ಎಣಿಸಿ ಕೊಟ್ಟರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಕೊಂಡ ಪ್ಲಿನಿ ಎಂಬ ಲೇಖಕ ಇದನ್ನು ಕಂಡು ಸಂಕಟಪಟ್ಟು ಬರೆದಿದ್ದಾನೆ. ವರ್ಷಕ್ಕೆ ಐದು ಕೋಟಿ ಸೆಸ್ಟರ್ಶಿಯಸ್ ಇಂಡಿಯಾಕ್ಕೆ ಹರಿದು ಹೋಗುತ್ತದೆ ಅಂತ. ನೂರು ಸೆಸ್ಟರ್ಶಿಯಸ್‌ಗೆ ಒಂದು ಚಿನ್ನದ ಆರಿಯಸ್. ಮಕ್ಕಳಿಗೆ ಬೋರ್ಡಿನ ಮೇಲೆ ಭಾಗಾಕಾರ ಮಾಡಿಸಿ, ಐದು ಲಕ್ಷ ಆರಿಯಸ್ ಆಗುತ್ತದೆ. ತೂಕದಲ್ಲಿ ಮೂರೂವರೆ ಟನ್‌ಗಿಂತ ಜಾಸ್ತಿ. ಪ್ಲಿನಿಗೆ ರೋಮಿನ ಶ್ರೀಮಂತರ ಮೋಜಿನ ಮೇಲೆ ಸಿಟ್ಟಿತ್ತು, ಲೆಕ್ಕ ಸ್ವಲ್ಪ ಹಿಗ್ಗಿಸಿರಬಹುದು. ಆದರೆ ದುಡ್ಡು ಬಂದದ್ದು ಸುಳ್ಳಲ್ಲ.

ಆ ನಾಣ್ಯದ ಬೆಲೆ ಮಕ್ಕಳಿಗೆ ತಿಳಿಯಬೇಕಾದರೆ ಒಂದು ಸಂಬಳ ಹೇಳಿ. ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ಕಾಲದ ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 225 ಬೆಳ್ಳಿ ಡೆನಾರಿಯಸ್ ಸಂಬಳ. 25 ಡೆನಾರಿಯಸ್‌ಗೆ ಒಂದು ಆರಿಯಸ್. ಇಡೀ ವರ್ಷ ಕವಾಯತು, ಕಾವಲು, ಯುದ್ಧ, ಎಲ್ಲಕ್ಕೂ ಸೇರಿ ಒಂಬತ್ತು ಚಿನ್ನದ ನಾಣ್ಯ. ತೂಕ ಹೇಳುವುದು ನಮ್ಮ ಜನಕ್ಕೆ ಇನ್ನೂ ಸುಲಭ. ಅಗಸ್ಟಸ್‌ನ ಆರಿಯಸ್ 7.8 ಗ್ರಾಂ ಹತ್ತಿರ, ಅಂದರೆ ಹೆಚ್ಚುಕಡಿಮೆ ನಮ್ಮ ಒಂದು ಸವರನ್. ಚಿನ್ನ ಮಾತ್ರ ಸವರನ್‌ಗಿಂತ ಶುದ್ಧ.

ಈಗ ಉಳಿಯ ಏಟು. 1898ರಲ್ಲಿ ಪುದುಕೋಟೆ ಸೀಮೆಯಲ್ಲಿ ಒಂದು ಮಡಕೆಯಲ್ಲಿ 501 ಆರಿಯಸ್ ಸಿಕ್ಕವು. ಅದರಲ್ಲಿ ಬಹುಪಾಲು ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಗೆ ಅಡ್ಡಲಾಗಿ ಉಳಿ ಇಟ್ಟು ಹೊಡೆದಿದ್ದಾರೆ. ಒಳಗೆ ತಾಮ್ರ ಇದೆಯಾ ಅಂತ ಪರೀಕ್ಷಿಸಲು ಕಡಿದರು ಅಂತ ಕೆಲವರು ಹೇಳುತ್ತಾರೆ. ಇದು ನನ್ನ ಕಸುಬಿನ ಮಾತು, ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡಬಹುದು. ಅಡವು ಇಡಲು ಬಂದ ಸಾವಿರಾರು ಬಳೆ, ಸರ ನೋಡಿದ್ದೇನೆ. ಒಳಗೇನಿದೆ ಅಂತ ನೋಡಬೇಕಾದಾಗ ಮರೆಯಲ್ಲಿರುವ ಜಾಗ ಹುಡುಕಿ ಒಂದು ಚೂರು ಅರ ಹಾಕುತ್ತೇವೆ. ನಾಣ್ಯಕ್ಕಾದರೆ ಅಂಚು ಸಾಕು. ನಟ್ಟ ನಡುವೆ, ಅದೂ ಮುಖಕ್ಕೇ, ಪ್ರತಿ ನಾಣ್ಯಕ್ಕೂ ಒಂದೇ ರೀತಿ ಹೊಡೆಯುವವನು ಚಿನ್ನ ನೋಡುತ್ತಿಲ್ಲ. ಅವನು ಮುಖ ಅಳಿಸುತ್ತಿದ್ದಾನೆ. ಬ್ಯಾಂಕಿನಲ್ಲಿ ಹಣ ಕೊಟ್ಟಾದ ಚೆಕ್ಕಿಗೆ ಅಡ್ಡಗೆರೆ ಎಳೆಯುತ್ತಾರಲ್ಲ, ಹಾಗೆ. ಈ ರಾಶಿಯನ್ನು ಮೊದಲು ಪರಿಶೀಲಿಸಿ ಬರೆದ ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಹಿಲ್ ಅವರೂ ಇದು ಚಲಾವಣೆ ರದ್ದು ಮಾಡಲು ಹಾಕಿದ ಏಟು ಅಂತಲೇ ತಿಳಿದರು. 'ಇನ್ನು ಮೇಲೆ ಇದು ನಾಣ್ಯವಲ್ಲ, ಬರೀ ಚಿನ್ನ' ಎಂದು ಇಲ್ಲಿನವರು ಹಾಕಿದ ರುಜು ಅದು ಅಂತ ನನ್ನ ನಂಬಿಕೆ.

ನೀವು ಚಿತ್ರದುರ್ಗದವರು, ಮಕ್ಕಳನ್ನು ದೂರ ಕರೆದುಕೊಂಡು ಹೋಗಬೇಕಿಲ್ಲ. ನಿಮ್ಮ ಚಂದ್ರವಳ್ಳಿಯಲ್ಲೇ ಅಗೆದಾಗ ರೋಮಿನ ಬೆಳ್ಳಿ ಡೆನಾರಿಯಸ್ ಸಿಕ್ಕಿವೆ. ಮೊದಲು ಎಂ.ಎಚ್. ಕೃಷ್ಣ ಅವರು ಅಗೆದರು, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬಂದರು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕೆಲಸಕ್ಕೆ ಅಗೆಯುವಾಗ 163 ಬೆಳ್ಳಿ ನಾಣ್ಯ ಬಂದವು. ನಮ್ಮ ಕಡೆ ಸಿಕ್ಕ ಬೆಳ್ಳಿಯಲ್ಲಿ ಅಗಸ್ಟಸ್, ತಿಬೇರಿಯಸ್ ಇವರಿಬ್ಬರದೇ ಜಾಸ್ತಿ. 64ರಲ್ಲಿ ನೀರೋ ಬೆಳ್ಳಿಗೆ ತಾಮ್ರ ಬೆರೆಸಿದ, ಚಿನ್ನದ ತೂಕವನ್ನೂ 7.3 ಗ್ರಾಂ ಸುಮಾರಿಗೆ ಇಳಿಸಿದ. ನಮ್ಮ ವರ್ತಕರು ಹಳೆಯ ಗಟ್ಟಿ ನಾಣ್ಯವನ್ನೇ ಆರಿಸಿಕೊಂಡರು. 'ದೀನಾರ' ಅಂತ ಗುಪ್ತರ ಶಾಸನಗಳಲ್ಲಿ ಬರುತ್ತದಲ್ಲ, ಆ ಮಾತು ಹುಟ್ಟಿದ್ದೇ ಡೆನಾರಿಯಸ್‌ನಿಂದ. ರಜೆಯಲ್ಲಿ ಮಕ್ಕಳನ್ನು ಚೆನ್ನೈಗೆ ಕರೆದೊಯ್ಯುವ ಅವಕಾಶ ಸಿಕ್ಕರೆ ಎಗ್ಮೋರ್ ಮ್ಯೂಸಿಯಂ ತಪ್ಪಿಸಬೇಡಿ.

ಹಳೆಯ ಚಿನ್ನದ ನಾಣ್ಯವನ್ನು ಯಾವುದರಿಂದ ತೊಳೆಯಬೇಕು? ಅಂಟುವಾಳ ಆಗುತ್ತಾ? — ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಯಾವುದರಿಂದಲೂ ಬೇಡಪ್ಪಾ. 1895ರಲ್ಲಿ ಪೊಂಪೈ ಹತ್ತಿರದ ಬೊಸ್ಕೊರಿಯಾಲೆಯಲ್ಲಿ ಸಾವಿರದಷ್ಟು ಆರಿಯಸ್ ಸಿಕ್ಕವು. ಜ್ವಾಲಾಮುಖಿಯ ಬೂದಿಯಡಿ ಇದ್ದು ಕೆಲವಕ್ಕೆ ಕಡು ಕೆಂಪು ಛಾಯೆ ಬಂದಿತ್ತು. ಇವತ್ತು ಸಂಗ್ರಾಹಕರು ಆ ಬಣ್ಣಕ್ಕಾಗಿಯೇ ಜಾಸ್ತಿ ಬೆಲೆ ಕೊಡುತ್ತಾರೆ. ತೊಳೆದಿದ್ದರೆ ಹೋಗುತ್ತಿತ್ತು.

ನಾನು ನೆದರ್ಲೆಂಡ್ಸ್‌ನಲ್ಲಿದ್ದೇನೆ. ಇಲ್ಲಿ ನಾಣ್ಯದ ಅಂಗಡಿ, ಹರಾಜು ಬಹಳ. ಮೊದಲ ರೋಮನ್ ಚಿನ್ನದ ನಾಣ್ಯ ಕೊಳ್ಳಬೇಕು ಅಂತಿದ್ದೇನೆ. ಮೋಸ ಹೋಗದ ಹಾಗೆ ಹೇಗೆ ಕೊಳ್ಳಲಿ? — ಕನ್ನಡತಿ, ಆಮ್ಸ್ಟರ್‌ಡ್ಯಾಮ್

ತಂಗೀ, ನಾನು ಮೋಸ ಹೋದ ಕಥೆಯನ್ನೇ ಹೇಳುತ್ತೇನೆ. ಅದರಲ್ಲಿ ನಿಮಗೆ ಬೇಕಾದ್ದು ಇದೆ.

ಯುರೋಪಿನ ಒಂದು ಊರಲ್ಲಿ, ವಾರಾಂತ್ಯದ ನಾಣ್ಯ ಸಂತೆಯಲ್ಲಿ ನನ್ನ ಮೊದಲ ಸಾಲಿಡಸ್ ಕೊಂಡೆ. ಚೀಲದಲ್ಲಿ ನನ್ನ ಪುಟ್ಟ ತಕ್ಕಡಿ ಇತ್ತು, ಸೊನ್ನೆ ದಶಮಾಂಶ ಸೊನ್ನೆ ಒಂದು ಗ್ರಾಂ ತೋರಿಸುವಂಥದ್ದು. ತೂಕ ಸರಿಯಾಗಿತ್ತು. ರಾತ್ರಿ ಮಗಳ ಮನೆಯ ಅಡುಗೆ ಕಟ್ಟೆಯ ಮೇಲೆ ನೀರಿನ ಪರೀಕ್ಷೆ ಮಾಡಿದೆ. ಇದನ್ನು ನೀವೂ ಮಾಡಬಹುದು. ತಕ್ಕಡಿಯ ಮೇಲೆ ಅರ್ಧ ಲೋಟ ನೀರು ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ನೀರಲ್ಲಿ ಮುಳುಗಿಸಿ, ತಳ ತಾಗಬಾರದು, ಕೈ ಅಲುಗಬಾರದು. ಆಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. ಶುದ್ಧ ಚಿನ್ನಕ್ಕೆ 19.3 ಬರಬೇಕು. ನನ್ನ ನೀರೋ ಆರಿಯಸ್ 7.24 ಗ್ರಾಂ, ನೀರಲ್ಲಿ 0.38 ತೋರಿಸುತ್ತದೆ. ಭಾಗಿಸಿದರೆ 19ರ ಮೇಲೆ. ಅದೇ ತೂಕದ 22 ಕ್ಯಾರೆಟ್ ಆಗಿದ್ದರೆ 0.41 ತೋರಿಸುತ್ತಿತ್ತು. ವ್ಯತ್ಯಾಸ ಕೂದಲೆಳೆಯಷ್ಟು, ಹಾಗಾಗಿ ನಾಲ್ಕು ಸಲ ಮಾಡಬೇಕು.

ಆ ಸಾಲಿಡಸ್ ಈ ಪರೀಕ್ಷೆಯಲ್ಲೂ ಗೆದ್ದಿತು. ನಾನು ನೆಮ್ಮದಿಯಾಗಿ ಮಲಗಿದೆ. ಎಂಟು ತಿಂಗಳ ಮೇಲೆ ಹಳೆಯ ಹರಾಜಿನ ಕ್ಯಾಟಲಾಗ್ ತಿರುವುತ್ತಿದ್ದಾಗ ಅದೇ ನಾಣ್ಯ ಕಂಡಿತು. ದೊರೆಯ ಗಲ್ಲದ ಮೇಲೆ ಒಂದು ಸಣ್ಣ ಗೀರು, ಈಟಿಯ ಪಕ್ಕ ಅಂಚಿನಲ್ಲಿ ಒಂದು ತಗ್ಗು. ನನ್ನದರಲ್ಲೂ ಅದೇ ಗೀರು, ಅದೇ ತಗ್ಗು. ಆದರೆ ಕ್ಯಾಟಲಾಗಿನ ನಾಣ್ಯ ಬೇರೆ, ತೂಕವೂ ಬೇರೆ. ಒಂದೇ ಅಚ್ಚಿನಿಂದ ಹೊಡೆದ ಎರಡು ನಾಣ್ಯದಲ್ಲಿ ಚಿತ್ರ ಒಂದೇ ಇರುತ್ತದೆ, ಸರಿ. ಆಮೇಲೆ ಕೈಯಿಂದ ಕೈಗೆ ಹೋಗುವಾಗ ಬಿದ್ದ ಪೆಟ್ಟು ಒಂದೇ ಇರಲು ಸಾಧ್ಯವೇ ಇಲ್ಲ. ಅಸಲಿನಿಂದ ಪಡಿಯಚ್ಚು ತೆಗೆದು, ಒಳ್ಳೆಯ ಚಿನ್ನದಲ್ಲೇ ಯಾರೋ ಎರಕ ಹೊಯ್ದಿದ್ದರು. ಭೂತಗನ್ನಡಿಯಲ್ಲಿ ನೋಡಿದಾಗ ಅಕ್ಷರಗಳ ಬುಡದಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಂಡವು. ಎರಕದ ಗುಳ್ಳೆ. 31 ವರ್ಷ ಚಿನ್ನ ನೋಡಿದ ಕಣ್ಣು ಅವತ್ತೂ ಚಿನ್ನವನ್ನೇ ನೋಡಿತ್ತು, ಅಚ್ಚನ್ನು ನೋಡಿರಲಿಲ್ಲ. ಮಾರಿದವನನ್ನು ಹುಡುಕೋಣ ಅಂದರೆ ರಸೀದಿಯೇ ಇರಲಿಲ್ಲ. ಆ ನೋವು ಇನ್ನೂ ಇದೆ.

ಅದಕ್ಕೇ ಹೇಳುತ್ತೇನೆ, ಮೊದಲು ಚೀಟಿ ನೋಡಿ, ಆಮೇಲೆ ಚಿನ್ನ. ಈ ನಾಣ್ಯ ಇದಕ್ಕೆ ಮೊದಲು ಯಾರ ಹತ್ತಿರ ಇತ್ತು, ಯಾವ ಹರಾಜಿನಲ್ಲಿ ಯಾವ ವರ್ಷ ಮಾರಾಟವಾಯಿತು ಅಂತ ಕೇಳಿ. ಹಳೆಯ ಕ್ಯಾಟಲಾಗಿನ ಫೋಟೋ ಇದ್ದರೆ ಗೀರಿಗೆ ಗೀರು ತಾಳೆ ಹಾಕಿ. ಕಾಗದ ಇದ್ದ ಮಾತ್ರಕ್ಕೂ ಸಾಲದು. ಜೂಲಿಯಸ್ ಸೀಸರನನ್ನು ಕೊಂದ ಬ್ರೂಟಸ್ ಹೊಡೆಸಿದ ಒಂದು ಆರಿಯಸ್ ಇದೆ, ಎರಡು ಕಠಾರಿ, ನಡುವೆ ಒಂದು ಟೋಪಿ ಇರುವಂಥದ್ದು. 2020ರಲ್ಲಿ ಲಂಡನ್ ಹರಾಜಿನಲ್ಲಿ 32 ಲಕ್ಷ ಪೌಂಡ್‌ಗೂ ಜಾಸ್ತಿಗೆ ಹೋಯಿತು. ಹಿಂದಿನ ಮಾಲೀಕರ ಬಗ್ಗೆ ಕೊಟ್ಟ ವಿವರ ಸುಳ್ಳು ಅಂತ ಆಮೇಲೆ ಗೊತ್ತಾಯಿತು. 2023ರಲ್ಲಿ ನ್ಯೂಯಾರ್ಕ್‌ನ ಅಧಿಕಾರಿಗಳು ಅದನ್ನು ಗ್ರೀಸ್‌ಗೆ ಹಿಂದಿರುಗಿಸಿದರು. ನಾಣ್ಯ ಅಸಲೇ, ಕಥೆ ನಕಲಿ. ಯಾರದೋ ನೆಲದಿಂದ ಕದ್ದು ತೆಗೆದ ನಾಣ್ಯ ನಮ್ಮ ಕಪಾಟಿಗೆ ಬರಬಾರದು. ಆ ನೆಲ ನಮ್ಮ ಹಾನಗಲ್ಲೂ ಆಗಿರಬಹುದು ಅಲ್ವಾ?

ಮೊದಲನೆಯದಕ್ಕೆ ಸಾಲಿಡಸ್ ಒಳ್ಳೆಯದು. ಥಿಯೋಡೋಸಿಯಸ್, ಹೊನೋರಿಯಸ್ ಇವರದು ಹೇರಳವಾಗಿ ಉಳಿದಿವೆ, ಆರಿಯಸ್‌ಗಿಂತ ಬಹಳ ಅಗ್ಗ. ಕೊಳ್ಳುವ ಮೊದಲು ಆರು ತಿಂಗಳು ಸುಮ್ನೆ ನೋಡಿ. ಅಮೆರಿಕನ್ ನ್ಯೂಮಿಸ್ಮಾಟಿಕ್ ಸೊಸೈಟಿಯವರ 'ಓಕ್ರೆ' ಎಂಬ ಪಟ್ಟಿ ಅಂತರ್ಜಾಲದಲ್ಲಿ ಪುಕ್ಕಟೆ ಇದೆ, ರೋಮ್ ಚಕ್ರವರ್ತಿಗಳ ನಾಣ್ಯಗಳ ಒಂದೊಂದು ಬಗೆಯೂ ಅದರಲ್ಲಿ ಸಿಗುತ್ತದೆ. ಅಕ್ಷರ ಓದಲು ಹೆದರಬೇಡಿ. 'ಯು' ಇರಬೇಕಾದ ಕಡೆ 'ವಿ' ಇರುತ್ತದೆ, ಅಷ್ಟು ಗೊತ್ತಾದರೆ ಅರ್ಧ ಕೆಲಸ ಆಯಿತು.

ನನ್ನ ನೀರೋ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಹತ್ತೊಂಬತ್ತು ಮಿಲಿಮೀಟರ್ ಅಗಲ, ನಮ್ಮ ಹಳೆಯ ನಾಲ್ಕಾಣೆಯಷ್ಟು. ಅದರಲ್ಲಿ ದಪ್ಪ ಕುತ್ತಿಗೆ, ಮಡಿಕೆ ಬಿದ್ದ ಗದ್ದ, ಹಣೆಯ ಮೇಲೆ ಸಾಲಾಗಿ ಕೂದಲ ಸುರುಳಿ. ಅವನು ಪಟ್ಟಕ್ಕೆ ಬಂದಾಗ ಹೊಡೆದ ನಾಣ್ಯಗಳಲ್ಲಿ ಹದಿನೇಳರ ಹುಡುಗನ ಮುಖ ಇದೆ. ಹತ್ತೇ ವರ್ಷದಲ್ಲಿ ಈ ಮುಖ. ಕೆತ್ತಿದವನು ದೊರೆಗೆ ಹೆದರಿ ಚಂದ ಮಾಡಲಿಲ್ಲ ಅನ್ನುವುದೇ ನನಗೆ ಆಶ್ಚರ್ಯ. ಹಿಂದೆ ಸಿಂಹಾಸನದ ಮೇಲೆ ಕೂತ ಜುಪಿಟರ್, ಕೈಯಲ್ಲಿ ಸಿಡಿಲು. 'ಕಾಪಾಡುವ ಜುಪಿಟರ್' ಅಂತ ಬರಹ. ದೇವರ ಹೆಸರಲ್ಲಿ 'ಪ' ಎರಡು ಸಲ, 'ಜುಪ್ಪಿಟರ್' ಅಂತ. 65ರಲ್ಲಿ ಅವನ ಕೊಲೆಗೆ ನಡೆದ ಸಂಚು ಬಯಲಾಗಿತ್ತು, ಬದುಕಿ ಉಳಿದೆ ಅಂತ ದೇವರಿಗೆ ಕೃತಜ್ಞತೆ ಹೇಳಿದ್ದು ಅಂತ ಬಹಳ ಜನ ಅರ್ಥ ಮಾಡುತ್ತಾರೆ. ಮೂರು ವರ್ಷದ ಮೇಲೆ ಅವನು ಆತ್ಮಹತ್ಯೆ ಮಾಡಿಕೊಂಡ.

ಕೊಂಡ ನಾಣ್ಯವನ್ನು ಊರಿಗೆ ತರುವ ಮೊದಲು ಯೋಚಿಸಿ. ಒಮ್ಮೆ ಇಲ್ಲಿಗೆ ಬಂದರೆ ಮತ್ತೆ ಹೊರಗೆ ಒಯ್ಯುವುದು ಕಷ್ಟ. ನನ್ನವು ಮ್ಯೂನಿಕ್‌ನಲ್ಲೇ ಇರುವುದು ಅದಕ್ಕೇ.

ಹೊಲ ಉಳುವಾಗ ಹಳೆಯ ಚಿನ್ನದ ನಾಣ್ಯ ಸಿಕ್ಕರೆ ಏನು ಮಾಡಬೇಕು? ಸುದ್ದಿಯಾದರೆ ಹೊಲವೇ ಹೋಗುತ್ತದೆ ಅಂತ ಹೆದರಿಸುತ್ತಾರೆ. — ರೈತರು, ಗದಗ ಜಿಲ್ಲೆ

ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದು ಕಾನೂನು. ಮುಚ್ಚಿಟ್ಟರೆ ಶಿಕ್ಷೆ ಇದೆ. ಆದರೆ ಇನ್ನೂ ಮುಖ್ಯವಾದ ಮಾತು, ಅಲ್ಲಿಂದ ಮುಂದೆ ಅಗೆಯಬೇಡಿ. ಮಡಕೆ ಹೇಗಿತ್ತು, ಪಕ್ಕದಲ್ಲಿ ಏನಿತ್ತು, ಎಷ್ಟು ಆಳ, ಇದೆಲ್ಲ ಹೋದರೆ ಉಳಿಯುವುದು ಬರೀ ತೂಕದ ಚಿನ್ನ.

1992ರಲ್ಲಿ ಇಂಗ್ಲೆಂಡಿನ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ ಒಬ್ಬ ರೈತರ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅವರ ಗೆಳೆಯ ಎರಿಕ್ ಲಾಸ್ ಲೋಹ ಹುಡುಕುವ ಯಂತ್ರ ಹಿಡಿದು ಹುಡುಕಲು ಹೋದರು. ಸಿಕ್ಕಿದ್ದು ರೋಮಿನ ನಿಧಿ. ಸುಮಾರು 15,000 ನಾಣ್ಯ, ಅದರಲ್ಲಿ ಐನೂರಕ್ಕೂ ಜಾಸ್ತಿ ಚಿನ್ನದ ಸಾಲಿಡಸ್. ಸ್ವಲ್ಪ ತೆಗೆದು ನೋಡಿದ ತಕ್ಷಣ ಅವರು ಕೈ ನಿಲ್ಲಿಸಿ ಅಧಿಕಾರಿಗಳಿಗೆ ಸುದ್ದಿ ಕೊಟ್ಟರು. ಮಾರನೆಯ ದಿನವೇ ಪುರಾತತ್ವದವರು ಬಂದು ಪೆಟ್ಟಿಗೆ ಇದ್ದ ಜಾಗ, ವಸ್ತುಗಳನ್ನು ಜೋಡಿಸಿಟ್ಟ ರೀತಿ ಎಲ್ಲ ಗುರುತು ಹಾಕಿಕೊಂಡು ತೆಗೆದರು. ಲಾಸ್ ಅವರಿಗೆ ಬಂದ ಬಹುಮಾನ 17.5 ಲಕ್ಷ ಪೌಂಡ್. ಅದನ್ನು ಅವರು ರೈತರ ಜೊತೆ ಹಂಚಿಕೊಂಡರು. ನಿಧಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹುಡುಕಾಟದಲ್ಲಿ ಸುತ್ತಿಗೆಯೂ ಸಿಕ್ಕಿತು, ಅದನ್ನೂ ಮ್ಯೂಸಿಯಂಗೇ ಕೊಟ್ಟರು.

ನಮ್ಮಲ್ಲಿ ಅಷ್ಟು ದೊಡ್ಡ ಮೊತ್ತ ಬರುತ್ತದೆ ಅಂತ ನಾನು ಹೇಳಲಾರೆ. ಹೊಲ ಹೋಗುತ್ತದೆ ಅಂತ ಹೆದರಿಸುವವರ ಮಾತು ಕೇಳಿ ರಾತ್ರೋರಾತ್ರಿ ಅಕ್ಕಸಾಲಿಯ ಮನೆಗೆ ಮಾತ್ರ ಒಯ್ಯಬೇಡಿ. ಅಪ್ಪನ ಕುಲುಮೆಯ ಮುಂದೆ ಕೂತು ಬೆಳೆದವನು ನಾನು. ಚಿನ್ನದ ಮೇಲಿನ ಮುಖ ಕರಗಲು ಎಷ್ಟು ಹೊತ್ತು ಬೇಕು ಅಂತ ಕಣ್ಣಾರೆ ನೋಡಿದ್ದೇನೆ. ಮೊದಲು ಮೂಗು ಹೋಗುತ್ತದೆ.